ಕಾಲೆತ್ತಿ, ಹಿಮನದಿ ಬತ್ತೈತೆ

ರಂಗಪ್ಪ ಮೇಷ್ಟ್ರಿಗೆ ತಣ್ಣೀರು ಕುಡಿದರೂ ಗಂಟಲು ಕಟ್ಟುತ್ತಿತ್ತು. ಬೇಸಿಗೆಯಲ್ಲೂ ಕೊರಳಿಗೆ ಮಫ್ಲರ್. ಅಂಥವರು ಜಾವಗಲ್‌ನ ಶಾಲೆಯಲ್ಲಿ ಜೀವಮಾನವಿಡೀ ಹಿಮನದಿಯ ಪಾಠ ಮಾಡಿದರು. ಹಿಮ ಕಂಡವರಲ್ಲ, ಸಮುದ್ರವನ್ನೂ ಕಂಡವರಲ್ಲ. ಅರಸೀಕೆರೆ, ಬೇಲೂರು ದಾಟಿದವರೇ ಅಲ್ಲ. ಆದರೂ ಹಿಮನದಿಯ ಬಗ್ಗೆ ಯಾರಾದರೂ ತಪ್ಪು ಮಾತಾಡಿದರೆ ಊಟದ ಎಲೆ ಬಿಟ್ಟೆದ್ದು ತಿದ್ದುತ್ತಿದ್ದರು. ನಾನು ಅದೇ ಶಾಲೆಯ ಕನ್ನಡ ಮೇಷ್ಟ್ರು. ನನ್ನ ಮದುವೆಯ ಪಂಕ್ತಿಯಲ್ಲೂ ಇದು ನಡೆದಿದೆ.

"ಐಸ್ ಎಲ್ಲಾದ್ರೂ ಕಲ್ಲು ಹೊರುತ್ತಾ ಸಾರ್?" ಎಂದು ಮಕ್ಕಳು ಪ್ರತಿ ವರ್ಷ ನಗುತ್ತಿದ್ದರು. ಮೇಷ್ಟ್ರಿಗೆ ಅದೇ ಕೊರಗು. ನಿವೃತ್ತಿಯ ದಿನ, ಕೊನೆಯ ತರಗತಿಯಲ್ಲಾದರೂ ತೋರಿಸಿಯೇ ತೀರಬೇಕೆಂದು ಅರಸೀಕೆರೆಯಲ್ಲಿ ದೊಡ್ಡ ಐಸ್ ಗಡ್ಡೆ ಕೊಂಡು, ಗೋಣಿಯಲ್ಲಿ ಸುತ್ತಿ, ನನ್ನನ್ನೂ ಎಳೆದುಕೊಂಡು ಬಸ್ ಹತ್ತಿದರು.

ದಿಬ್ಬ ಹತ್ತುವಾಗ ಗಡ್ಡೆ ಗೋಣಿಯಿಂದ ಜಾರಿ ಹಿಂಬಾಗಿಲ ಕಡೆ ಹೊರಟಿತು.

"ಕಾಲೆತ್ತಿ, ಹಿಮನದಿ ಬತ್ತೈತೆ," ಎಂದರು ಮೇಷ್ಟ್ರು.

ಬಸ್ಸಿಗೆ ಬಸ್ಸೇ ಕಾಲೆತ್ತಿತು. ಗಡ್ಡೆಯು ಕಡಲೆಕಾಯಿ ಸಿಪ್ಪೆ, ಮಣ್ಣು, ಒಬ್ಬ ಅಜ್ಜಿಯ ಎಲೆಅಡಿಕೆ ಚೀಲ ಎಲ್ಲವನ್ನೂ ತಳ್ಳಿಕೊಂಡು ಹೋಗಿ ಮೆಟ್ಟಿಲಂಚಿನಲ್ಲಿ ಗುಡ್ಡೆ ಹಾಕಿ ನಿಂತಿತು.

"ಇದೇ ಕಣ್ರೀ ಮೊರೇನ್. ಹಿಮ ತಳ್ಕೊಂಡು ಬಂದು ಬಿಟ್ಟ ದಿಬ್ಬ. ಮೆಟ್ಲಿಂದಾಚೆ ಸಮುದ್ರ ಅನ್ಕಳಿ. ಗಡ್ಡೆ ಕೊರೆದ ಕಣಿವೆಗೆ ಸಮುದ್ರ ನುಗ್ಗುತ್ತೆ, ದಡದ ಆಕಾರವೇ ಬದಲಾಗುತ್ತೆ."

"ನನ್ ಚೀಲ ಕೊಡಪ್ಪ," ಎಂದಳು ಅಜ್ಜಿ.

"ಪಾಠ ಮುಗೀಲಿ ತಾಯಿ."

ನಾನು ಸುಮ್ಮನಿರಲಾರದೆ, "ನೀರು ಹೊತ್ತು ತಂದ್ರೂ ಮೊರೇನೇ ಅಲ್ವಾ ಸಾರ್?" ಎಂದೆ.

"ಅಯ್ಯೋ ಮಂಕೇ! ನೀರು ತಂದಿದ್ದು ಬೇರೆ, ಗಡ್ಡೆ ತಂದಿದ್ದು ಬೇರೆ. ಸತ್ರೂ ಒಪ್ಪಲ್ಲ ಕಣಯ್ಯ."

ಜಾವಗಲ್ ಬರುವಷ್ಟರಲ್ಲಿ ಗಡ್ಡೆ ಬೆಲ್ಲದಚ್ಚಿನಷ್ಟಾಗಿತ್ತು. ಮೇಷ್ಟ್ರು ಶಾಲೆಯ ಮುಂದೆ ಬಸ್ ನಿಲ್ಲಿಸಿ ಹತ್ತನೇ ತರಗತಿಯನ್ನೇ ಮುಂಬಾಗಿಲಿಂದ ಹತ್ತಿಸಿದರು. ಯಾರೂ ತುಳಿಯದಂತೆ ಗುಡ್ಡೆಗೆ ಕಂಡಕ್ಟರನ ಕಾವಲು. ಆ ದಿನ ಒಂದು ಮಗುವೂ ನಗಲಿಲ್ಲ. ಮೇಷ್ಟ್ರು ಮಫ್ಲರಿನ ತುದಿಯಿಂದ ಕಣ್ಣೊರೆಸಿಕೊಂಡರು.

ಹೋದ ತಿಂಗಳು ತೀರಿಕೊಂಡರು. ದೂರದೂರಿನಿಂದ ಅವರ ತಂಗಿ ಬರುವ ತನಕ ಜಗುಲಿಯ ಮೇಲೆ ಐಸ್ ಗಡ್ಡೆಗಳ ನಡುವೆ ಮಲಗಿಸಿದ್ದರು. ಕೊರಳಲ್ಲಿ ಮಫ್ಲರ್ ಇರಲಿಲ್ಲ. ಗಂಟಲು ಕಟ್ಟೀತಲ್ಲ ಎಂದು ನನಗೆ ಸಂಕಟ. ಕರಗಿದ ನೀರು ಚೆಂಡುಹೂವಿನ ಎಸಳುಗಳನ್ನು ಹೊತ್ತು ತಂದು ಜಗುಲಿಯಂಚಿಗೆ ಸಾಲಾಗಿ ಬಿಟ್ಟಿತ್ತು.

ನಾನು ಬಗ್ಗಿ ಅವರ ಕಿವಿಯ ಹತ್ತಿರ, "ನೋಡಿ ಸಾರ್, ಮೊರೇನ್," ಎಂದೆ.

ಸ್ವಲ್ಪ ಹೊತ್ತು ಕಾದೆ. ಮೇಷ್ಟ್ರು ತಿದ್ದಲಿಲ್ಲ.