ನಿಯರ್ ಮೌಲಾಸಾಬ ಟೇಲರ್

ರಾಣೆಬೆನ್ನೂರಿಗೆ ಬಂದಿಳಿದ ದಿನವೇ ಗೊತ್ತಾಯಿತು, ಇಲ್ಲಿ ನಾನು ಇನ್ನೊಬ್ಬರ ಹೆಸರಿನ ನೆರಳಲ್ಲಿ ಬದುಕಬೇಕೆಂದು. ಟ್ರಂಕು ಇಳಿಸಿ, ಊರಿಗೆ ಕಾಗದ ಬರೆಯೋಣವೆಂದು ಮನೆ ನಂಬರು ಕೇಳಿದೆ. ಕೋಣೆ ಬಾಡಿಗೆಗೆ ಕೊಟ್ಟ ಗಂಗವ್ವ ನನ್ನನ್ನು ಮಫ್ತಿ ಪೊಲೀಸನನ್ನು ನೋಡಿದಂತೆ ನೋಡಿದಳು. “ನಂಬರ ತಗೊಂಡ ಏನ್ ಮಾಡ್ತೀರಿ ಮಾಸ್ತರ? ನಿಯರ್ ಮೌಲಾಸಾಬ ಟೇಲರ್ ಅಂತ ಬರೀರಿ, ಬರತಾವ.” ಹೆಬ್ಬೆಟ್ಟು ಒತ್ತುವ ಹೆಂಗಸು ‘ನಿಯರ್’ ಎಂದದ್ದು ಎಷ್ಟು ಸಲೀಸಾಗಿತ್ತೆಂದರೆ, ಇಂಗ್ಲಿಷ್ ಕಲಿಸಲೆಂದೇ ಇಷ್ಟು ದೂರ ಬಂದ ನಾನು ಅದೇ ಟ್ರಂಕು ಹೊತ್ತು ವಾಪಸು ಹೊರಡಬಹುದಿತ್ತು.

ಹೊರಟಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಅನೇಕ ಸಲ ಅನ್ನಿಸಿದೆ.

ನಂಜನಗೂಡಿನ ನಮ್ಮ ಬೀದಿಯಲ್ಲಿ ಬಾಗಿಲಿಗೊಂದು ನಂಬರಿದೆ. ನಿಮಗೆ ನನ್ನ ಹೆಸರು ಮರೆತರೂ ಕಾಗದ ತಲುಪುತ್ತದೆ. ಇಲ್ಲಿ ಎಲ್ಲರೂ ಯಾರಾದರೊಬ್ಬರ ಹತ್ತಿರದವರು, ಆ ಹತ್ತಿರಕ್ಕೂ ಅಳತೆಗಳಿವೆ. ಗೋಡೆಗೆ ಗೋಡೆ ತಾಗಿದರೆ ‘ಮಗ್ಗಲಾಗ’. ನಡುವೆ ಒಂದಂಗಡಿ ಬಂದರೆ ‘ಬಾಜೂಕ’. ಕೂಗಿದರೆ ಕೇಳುವಂತಿದ್ದರೆ ‘ಹತ್ತರ’. ‘ಇಲ್ಲೇ ಸನೇಕ’ ಅಂದರೆ ಮಾತ್ರ ಕೊಡೆ, ನೀರು ಜೊತೆಗಿರಲಿ. ಹೊಳೆದಂಡೆಯ ಐರಣಿಯೂ ಸನೇಕ, ಹಾವೇರಿಯೂ ಸನೇಕ. ಮೌಲಾಸಾಬರು ಹೆಂಡತಿಯೊಡನೆ ಉರ್ದುವಿನಲ್ಲಿ ‘ನಜೀಕ್’ ಅನ್ನುತ್ತಿದ್ದರು. ಲಕೋಟೆಯ ಮೇಲೆ ಬರುವಾಗ ಇವೆಲ್ಲ ಸೇರಿ ಒಂದೇ ನಿಯರ್.

ಮೌಲಾಸಾಬರ ಅಂಗಡಿಯ ಓಣಿಯಲ್ಲೇ ಇದ್ದ ಟ್ಯುಟೋರಿಯಲ್ಲಿನಲ್ಲಿ ನಾನು ಎಸ್ಸೆಸ್ಸೆಲ್ಸಿ ಫೇಲಾದವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ನಿಯರ್, ಕ್ಲೋಸ್, ಬಿಸೈಡ್, ಅಡ್ಜಸೆಂಟ್ ಎಂದು ಬೋರ್ಡಿನ ಮೇಲೆ ಸಾಲಾಗಿ ಬರೆದು, ಅಂಗಡಿ ನಿಯರ್ ಇರುತ್ತದೆ, ಗೆಳೆಯ ಕ್ಲೋಸ್ ಇರುತ್ತಾನೆ ಎಂದು ವಿವರಿಸುತ್ತಿದ್ದಾಗ ಐರಣಿಯ ಹುಡುಗನೊಬ್ಬ ಎದ್ದು ನಿಂತ. “ಸರ್, ನಿಮಗ ಇಲ್ಲಿ ಕ್ಲೋಸ್ ಯಾರದಾರ್ರೀ?”

ಕ್ಲಾಸು ನಕ್ಕಿತು. ನಾನೂ ನಕ್ಕೆ. ಉತ್ತರವಿಲ್ಲದಾಗ ನಾನು ಮಾಡುವುದು ಒಂದೇ ಕೆಲಸ, ಯಾರನ್ನಾದರೂ ಅಣಕಿಸುವುದು. ಮೂರು ಬೆಂಕಿಕಡ್ಡಿ ತುಟಿಯಲ್ಲಿ ಕಚ್ಚಿಕೊಂಡೆ. ಕರವಸ್ತ್ರವನ್ನು ಅಳತೆಪಟ್ಟಿಯಂತೆ ಹೆಗಲಿಗೆ ಹಾಕಿದೆ. ಮೌಲಾಸಾಬರ ಬಾಯಲ್ಲಿ ಯಾವಾಗಲೂ ಟಾಚಣಿ ಇರುತ್ತದೆ. ಟಾಚಣಿ ಎಂದರೆ ನಮ್ಮ ಗುಂಡುಸೂಜಿ. ಹಾಗಾಗಿ ಅವರ ಮಾತೆಲ್ಲ ಮೂಗಿನಲ್ಲೇ ಹೊರಡುತ್ತದೆ. ಅಳತೆಗೆ ತೋಳು ಮೇಲೆತ್ತಿಸುವ ಅವರ ಧಾಟಿಯಲ್ಲೇ “ಮ್ಹೋಳ ಮ್ಹ್ಯಾಲೆತ್ರಿ ಮ್ಹಾಸ್ತರ” ಎಂದೆ. ಹುಡುಗರು ಬೆಂಚಿನ ಮೇಲೆ ಬಿದ್ದು ಹೊರಳಾಡಿದರು. ಆಮೇಲೆ ಒಬ್ಬೊಬ್ಬರಾಗಿ ಬಾಗಿಲ ಕಡೆ ತಿರುಗಿದರು. ಬಾಗಿಲಲ್ಲಿ ಮೌಲಾಸಾಬರು ನಿಂತಿದ್ದರು. ತೋಳಿನ ಮೇಲೆ ನಾನು ಹೊಲಿಯಲು ಕೊಟ್ಟಿದ್ದ ಪ್ಯಾಂಟು, ಇಸ್ತ್ರಿ ಮಾಡಿ ಮಡಚಿದ್ದು. ತುಟಿಯಲ್ಲಿ ಟಾಚಣಿ. ಪ್ಯಾಂಟನ್ನು ಕುರ್ಚಿಯ ಮೇಲಿಟ್ಟು ಹೋದರು.

ಮರುತಿಂಗಳೇ ಅವರು ಅಂಗಡಿ ಎತ್ತಿಕೊಂಡು ಬ್ಯಾಡಗಿಗೆ ಹೋದರು, ಹೆಂಡತಿಯ ತವರಿನ ಕಡೆ. ಬೀಳ್ಕೊಡಲು ಹೋಗುವ ಮುಖ ನನಗಿರಲಿಲ್ಲ. ಬ್ಯಾಡಗಿಯಿಂದ ಎರಡು ಸಲ ಗಂಗವ್ವನ ಬಳಿ ಹೇಳಿ ಕಳಿಸಿದರು, ಮಾಸ್ತರು ಒಮ್ಮೆ ಬಂದುಹೋಗಲಿ ಎಂದು. ಬೈಯಲು ಕರೆಯುತ್ತಿದ್ದಾರೆ ಎಂದುಕೊಂಡೆ. ಹೋಗಲಿಲ್ಲ.

ಆಗಲೇ ನಂಜನಗೂಡಿನಿಂದ ನಿಮ್ಮೆಲ್ಲರ ಕಾಗದಗಳು ನಿಂತವು.

ಅವ್ವ ತಂಗಿಯ ಕೈಲಿ ಬರೆಸುತ್ತಿದ್ದ ವಾರದ ಕಾಗದ ಬರಲಿಲ್ಲ. ನಂಜನಗೂಡಿನ ಬಳಿಯ ಸ್ಕೂಲೊಂದರಲ್ಲಿ ಕಾಯಂ ಕೆಲಸಕ್ಕೆ ಅರ್ಜಿ ಹಾಕಿದ್ದೆ, ಸಂದರ್ಶನದ ಕರೆಯೂ ಬರಲಿಲ್ಲ. ನಾನು ಮನೆಗೆ ಹಿಂದಿರುಗಲು ಇದ್ದ ದಾರಿ ಅದೊಂದೇ. ಯಾಕೆ ಬರೆಯುತ್ತಿಲ್ಲ ಎಂದು ಸಿಟ್ಟಿನಲ್ಲಿ ಮೂರು ಕಾಗದ ಬರೆದೆ, ಒಂದಕ್ಕೂ ಜವಾಬಿಲ್ಲ. ಊರಿನವರು ನನ್ನನ್ನು ಬಿಟ್ಟರು ಎಂದುಕೊಂಡೆ. ಯಾಕೆ ಬಿಡಬಾರದು? ಅಲ್ಲಿ ನಾನು ಯಾರನ್ನು ಅಣಕಿಸದೆ ಬಿಟ್ಟಿದ್ದೆ? ಹೊರಡುವ ದಿನ ಅಪ್ಪನ ಕೆಮ್ಮನ್ನು ಕೂಡ ಅಣಕಿಸಿ ನಗಿಸಿ ಬಂದವನು. ಒಂದು ಭಾನುವಾರ ಕೋಣೆಯ ಬಾಗಿಲು ಹಾಕಿಕೊಂಡು, ಅವ್ವನ ದನಿಯಲ್ಲಿ ನನ್ನ ಹೆಸರನ್ನು ನಾನೇ ಕರೆದೆ. ದನಿ ಥೇಟು ಅವ್ವನದೇ. ಸ್ವಲ್ಪ ತಪ್ಪಿದ್ದರೆ ತಡೆದುಕೊಳ್ಳಬಹುದಿತ್ತು.

ಏಳನೆಯ ವಾರ ಪೋಸ್ಟಿನ ಬಸಣ್ಣನ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಲ್ಲಿಸಿದೆ. ನನ್ನ ಕಾಗದ ಎಲ್ಲಿ ಎಂದು ಕೇಳಿದೆ. ಅವನು ಗಾಬರಿಯಾದ.

“ಎಲ್ಲಾ ಬ್ಯಾಡಗಿಗೆ ಹೋಗ್ಯಾವಲ್ರೀ ಮಾಸ್ತರ. ಮೌಲಾಸಾಬರು ತಮ್ಮ ಹೆಸರಿದ್ದದ್ದ ಅಲ್ಲಿಗೆ ಕಳಸಂದ್ರು. ನಿಮ್ಮ ಅಡ್ರೆಸ್ಸಿನಾಗೂ ಅವರ ಹೆಸರ ಐತಿ. ನೀವ ಹೇಳೀರಿ ಅಂದ್ಕೊಂಡ್ನಿ.”

ಮೊದಲ ಬಸ್ಸು ಹತ್ತಿದೆ. ಬ್ಯಾಡಗಿಯಲ್ಲಿ ಸುಗ್ಗಿ, ಮೆಣಸಿನಕಾಯಿ ಚೀಲಗಳ ಘಾಟಿಗೆ ಇಳಿದವರೆಲ್ಲ ಸೀನುತ್ತಿದ್ದರು. ಕಣ್ಣಲ್ಲಿ ನೀರು ಸುರಿಸಿಕೊಂಡು ಬೀದಿಯಲ್ಲಿ ನಡೆದರೂ ಯಾರೂ ಯಾಕೆಂದು ಕೇಳದ ಊರು ಅದು. ಟೇಲರ್ ಮೌಲಾಸಾಬ ಎಲ್ಲಿ ಎಂದರೆ ಎಲ್ಲರೂ ಇಲ್ಲೇ ಸನೇಕ ಎಂದರು. ಓಡಿದೆ.

ಮೌಲಾಸಾಬರು ನನ್ನನ್ನು ನೋಡಿ ಮಷೀನು ನಿಲ್ಲಿಸಿದರು. ಹಲಗೆಯ ಕೆಳಗಿನಿಂದ, ಬಟ್ಟೆಯ ಅಂಚಿನ ಪಟ್ಟಿಯಿಂದ ಕಟ್ಟಿದ ಒಂದು ಕಟ್ಟು ತೆಗೆದುಕೊಟ್ಟರು. ಒಂದನ್ನೂ ಒಡೆದಿರಲಿಲ್ಲ. ಸ್ಕೂಲಿನ ಲಕೋಟೆಯನ್ನು ಮೊದಲು ಹರಿದೆ. ಸಂದರ್ಶನ ಮುಗಿದು ಎಂಟು ದಿನವಾಗಿತ್ತು. ತಂಗಿಯ ಕೈಬರಹದ ಕೊನೆಯ ಇನ್ಲ್ಯಾಂಡಿನಲ್ಲಿ ಎರಡೇ ಸಾಲು: ಅವ್ವ ಕೇಳ್ತಾ ಅವ್ಳೆ, ನಾವೇನು ತಪ್ಪು ಮಾಡಿದೊ ಅಣ್ಣ?

ಅಲ್ಲೇ ನೆಲದ ಮೇಲೆ, ಕತ್ತರಿಸಿದ ಬಟ್ಟೆಚೂರುಗಳ ನಡುವೆ ಕೂತೆ.

“ಎರಡ ಸಲ ಹೇಳಿ ಕಳಿಸಿದ್ನಲ್ರೀ” ಎಂದರು ಮೌಲಾಸಾಬರು.

“ಬೈತೀರಿ ಅಂದ್ಕೊಂಡೆ.”

ಅವರು ತುಟಿಯಿಂದ ಟಾಚಣಿಗಳನ್ನು ಒಂದೊಂದೇ ತೆಗೆದು ದಿಂಬಿಗೆ ಚುಚ್ಚಿದರು. ಬರಿಬಾಯಿಯ ಅವರ ದನಿಯನ್ನು ನಾನು ಕೇಳಿದ್ದು ಅದೇ ಮೊದಲು. “ಬೈಯೂದಿದ್ರ ಅವತ್ತ ಬೈತಿದ್ನಿ ಮಾಸ್ತರ. ಬಾಯಾಗ ಟಾಚಣಿ ಇದ್ವು.”

ಒಳಗಿನಿಂದ ಅವರ ಹೆಂಡತಿ ಚಹಾ ತಂದರು. ಇವರೇ ಏನು ನಿಮ್ಮ ಹಾಗೆ ಮಾತಾಡೋ ಮಾಸ್ತರು ಎಂದು ಗಂಡನನ್ನು ಉರ್ದುವಿನಲ್ಲಿ ಕೇಳಿದರು. ಒಮ್ಮೆ ಮಾಡಿ ತೋರಿಸಿ ಎಂದು ಮೌಲಾಸಾಬರು ನನ್ನನ್ನು ಕೇಳಿದರು, ನಿಜವಾಗಿ, ಚೇಷ್ಟೆಗಲ್ಲ. ಬಾಯಿ ತೆರೆದೆ. ಏನೂ ಬರಲಿಲ್ಲ.

ಅವ್ವನಿಗೆ ಅಲ್ಲೇ ಕೂತು ಬರೆದೆ. ನನ್ನ ವಿಳಾಸ ಬರೆಯುವ ಜಾಗಕ್ಕೆ ಬಂದು ಪೆನ್ನು ನಿಂತಾಗ ಮೌಲಾಸಾಬರು, ಇನ್ನು ಗಂಗವ್ವನ ಹೆಸರು ಹಾಕಿ, ಅವಳು ಎಲ್ಲಿಗೂ ಹೋಗುವವಳಲ್ಲ ಎಂದರು.

ಇದಾಗಿ ವರುಷವಾಯಿತು. ಮೌಲಾಸಾಬರ ಹಳೆಯ ಅಂಗಡಿಗೆ ಹರಪನಹಳ್ಳಿಯ ಒಬ್ಬ ಸೈಕಲ್ ರಿಪೇರಿಯ ಹುಡುಗ ಬಂದಿದ್ದಾನೆ. ಹೊಸಬ, ಓಣಿಯಲ್ಲಿ ಯಾರ ಗುರುತೂ ಇಲ್ಲ. ನಂಬರು ಕೇಳಿದವನಿಗೆ ಗಂಗವ್ವ ಏನು ಹೇಳಿದಳೋ, ಮೊನ್ನೆ ಬಸಣ್ಣ ಅವನದೊಂದು ಕಾರ್ಡನ್ನು ನನ್ನ ಕೈಗೇ ಕೊಟ್ಟು ಹೋದ. ಮೇಲೆ ‘ನಿಯರ್ ಇಂಗ್ಲಿಷ್ ಮಾಸ್ತರ’ ಎಂದಿತ್ತು. ಓದಬಾರದೆಂದರೂ ಕಣ್ಣಿಗೆ ಬಿತ್ತು. ಅವನ ತಾಯಿ ಉಂಡೆಯಾ ಎಂದು ಕೇಳಿದ್ದಾಳೆ. ಓಡಿಹೋಗಿ ಕೊಟ್ಟುಬಂದೆ.

ನಂಜನಗೂಡಿನ ಕೆಲಸಕ್ಕೆ ಮತ್ತೆ ಅರ್ಜಿ ಹಾಕಿದ್ದೇನೆ. ಈ ಸಲ ಕರೆ ಸಿಕ್ಕರೆ ಬಂದೇ ಬರುತ್ತೇನೆ, ನನ್ನ ಪಾಲಿನ ಮುದ್ದೆ ಕಟ್ಟಿಡಿ. ಹೊರಡುವ ಮುಂಚೆ ಮಾತ್ರ ಬಸಣ್ಣನ ಸೈಕಲ್ಲು ನಿಲ್ಲಿಸಿ, ಆ ಹುಡುಗನ ಕಾಗದಗಳನ್ನು ನನ್ನ ಹಿಂದೆ ಕಳಿಸಬೇಡ ಎಂದು ಹೇಳಬೇಕು. ಯಾವ ದನಿಯಲ್ಲಿ ಹೇಳುತ್ತೇನೋ ಗೊತ್ತಿಲ್ಲ. ಈಚೆಗೆ ಕನಸಿನಲ್ಲಿ ಅವ್ವ ಕರೆದರೆ ನಾನು ಓಗೊಡುವುದು ಈ ಕಡೆಯವರ ಹಾಗೆ, “ಬಂದ್ನಿ ಬೇ” ಅಂತ.