ರಾಶಿಯೊಳಗೆ ಹೂತ ಕಾಲು

ಆಗ ನನಗೆ ಒಂಬತ್ತು ವರ್ಷ. ಅದಾಗಿ ಅರವತ್ತು ವರ್ಷ ಮೀರಿತು. ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಅಂಗಳದ ಕಾಫಿ ರಾಶಿಯ ಮೇಲಿನ ಟಾರ್ಪಾಲು ಎಳೆದರು. ಹುಳಿ ಹಿಡಿದ ಬೆಲ್ಲದಂಥ ಆ ವಾಸನೆ, ಅದರ ಜೊತೆ ಬೆಚ್ಚನೆಯ ಹಬೆ, ಬೇಲಿ ದಾಟಿ ನಾನು ಕೂತಲ್ಲಿಗೆ ಬಂತು. ಈಗ ನನ್ನ ಮಂಡಿಗಳೂ ಕೈಕೊಟ್ಟಿವೆ. ಮಂಜಿನಲ್ಲಿ ಹೊರಗೆ ಕೂರಬೇಕೆಂದರೆ ಮೊಮ್ಮಗಳು ಬಿಸಿನೀರು ತುಂಬಿದ ರಬ್ಬರು ಚೀಲವನ್ನು ಮಡಿಲಿಗಿಡುತ್ತಾಳೆ. ಅದನ್ನು ನಾನು ನಂಬುವುದಿಲ್ಲ. ಮುಚ್ಚಳ ತಿರುಗಿಸಿ ನೋಡದೆ ಇಟ್ಟುಕೊಳ್ಳುವುದಿಲ್ಲ. ಈ ನಂಬದ ಬುದ್ಧಿ ನನಗೆ ಬಂದದ್ದು ನಿಂಗತ್ತೆಯ ಆ ಚಳಿಗಾಲದಲ್ಲಿ. ನಿಮ್ಮ ಮನೆಯಿಂದಲೂ ಯಾರೂ ನಂಬದ ಒಬ್ಬರು ಹೋಗಿದ್ದರೆ ನಾನು ಹೇಳುವುದು ನಿಮಗೆ ತಿಳಿದೀತು.

ನಿಂಗತ್ತೆ ನನ್ನ ಅಪ್ಪನ ಅಕ್ಕ. ಸುಂಟಿಕೊಪ್ಪದ ಮೇಲಿನ ಎಸ್ಟೇಟೊಂದರ ಲೈನಿನಲ್ಲಿ, ಎಂದರೆ ಆಳುಗಳ ಸಾಲುಮನೆಯಲ್ಲಿ, ಒಂದೇ ಕೋಣೆಯಲ್ಲಿ, ಅಪ್ಪ, ಅವ್ವ, ನಾನು, ಅವಳು. ನಾನು ಹುಟ್ಟುವ ಮೊದಲೇ ಸಿಲ್ವರ್ ಓಕಿನ ಕೊಂಬೆಯೊಂದು ಸೊಂಟದ ಮೇಲೆ ಬಿದ್ದು ಅವಳ ಕಾಲೆರಡೂ ಸತ್ತಿದ್ದವು. ಆದರೂ ಕೆಲಸವಿತ್ತು, ಕಣದ ಕಾವಲು. ಒಣಹಾಕಿದ ಕಾಫಿಗೆ ದನ, ಕೋಳಿ, ಕಳ್ಳರು ಬಾರದಂತೆ ಬೆಳಗಿನಿಂದ ಸಂಜೆವರೆಗೆ ಕೂತು ನೋಡಬೇಕು. ಕೆಲಸವಿಲ್ಲದವರು ಲೈನಿನಲ್ಲಿ ಇರಕೂಡದೆಂಬುದು ಎಸ್ಟೇಟಿನ ಕಟ್ಟು. ಕಾವಲು ಹೋದರೆ ಅತ್ತೆಗೆ ಉಳಿದದ್ದು ತಿತಿಮತಿಯಲ್ಲಿದ್ದ ಮೈದುನನ ಮನೆ. ಅವಳ ಗಂಡ ಸತ್ತ ಮೇಲೆ ಅವರು ಒಂದು ಲೋಟ ನೀರು ಕೊಟ್ಟವರಲ್ಲ.

ಓಡಾಡುವವರ ಚಳಿ ಒಂದು ಚಳಿಯೇ ಅಲ್ಲ. ಕೂತವರನ್ನು ಕೇಳಬೇಕು. ಮಂಜು ಬಿಡುವ ಮೊದಲೇ ಅಪ್ಪ ಅವಳನ್ನು ಬೆನ್ನ ಮೇಲೆ ಹೊತ್ತು ಕಣಕ್ಕೆ ತರುತ್ತಿದ್ದ. ಕೆಳಗೆ ಭತ್ತದ ಹುಲ್ಲು ತುಂಬಿದ ಗೋಣಿ, ತಲೆಯ ಮೇಲೆ ಕಂಬಳಿಕೊಪ್ಪೆ, ಎದೆಗೆ ಅವ್ವನ ಹಳೆ ಸೀರೆಯ ಸುತ್ತು. ಕಣದ ಹತ್ತಿರ ಬೆಂಕಿ ಹಾಕುವಂತಿಲ್ಲ, ಕಾಫಿ ಹೊಗೆಯ ವಾಸನೆ ಹಿಡಿಯುತ್ತದೆ. ಹಾಗಾಗಿ ಅವಳು ಬೆಂಕಿಯಿಲ್ಲದ ಬಿಸಿಯೊಂದನ್ನು ಹುಡುಕಿಕೊಂಡಿದ್ದಳು. ಹಗಲೆಲ್ಲ ಬಿಸಿಲು ಕುಡಿದ ಕಾಫಿಯನ್ನು ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸಿದರೆ, ಬೆಳಗಾದರೂ ಅದರ ಒಡಲು ಆರುವುದಿಲ್ಲ. ಅಪ್ಪ ರಾಶಿಯ ಪಕ್ಕ ಕೂರಿಸಿ ಹೋದ ಮೇಲೆ ಅವಳು ಟಾರ್ಪಾಲಿನ ಅಂಚೆತ್ತಿ, ಕೈಯಿಂದ ಬಗೆದು, ಸೌದೆ ಎತ್ತಿಟ್ಟಂತೆ ಒಂದೊಂದೇ ಕಾಲನ್ನು ಎತ್ತಿ ಒಳಗಿಟ್ಟು, ತೊಡೆಯವರೆಗೆ ಕಾಫಿ ಎಳೆದುಕೊಳ್ಳುತ್ತಿದ್ದಳು. ಆಳುಗಳು ರಾಶಿ ಹರಡಲು ಬರುವ ಹೊತ್ತಿಗೆ ಕಾಲು ಹೊರಗೆ. ಇವಳು ಚಳಿ ತಡೆಯಲಾರಳು ಎಂದು ಯಾರಾದರೂ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗೆ ಹೇಳಿ ಕಾವಲು ಬಿಡಿಸುತ್ತಾರೆಂಬ ಅನುಮಾನ ಅವಳಿಗೆ. ಗಂಜಿ ಒಯ್ಯುತ್ತಿದ್ದ ನನಗೆ ಮಾತ್ರ ಗೊತ್ತಿತ್ತು.

"ಸತ್ತ ಕಾಲಿಗೆ ಬಿಸಿ ಗೊತ್ತಾಗ್ತದಾ ಅತ್ತೆ?" ಎಂದು ಕೇಳಿದ್ದೆ.

"ಕಾಲಿಗೆ ಗೊತ್ತಾಗಲ್ಲ ಕಣೇ. ಹೊಟ್ಟೆಗೆ ಗೊತ್ತಾಗ್ತದೆ. ನಂಬಲ್ವಾ? ಬಾ, ನೀನೂ ಕಾಲಿಡು."

ಒಳಗೆ ಚೇಳಿದ್ದರೆ ಎಂದು ನಾನು ಇಡಲಿಲ್ಲ. ಅವಳ ಮಾತೂ ನನಗೆ ಪೂರ್ತಿ ನಂಬಿಕೆಯಾಗಿರಲಿಲ್ಲ.

ಆ ವರ್ಷ ಕಣದ ಕಾಫಿ ಕರಗತೊಡಗಿತು. ರಾಶಿ ದಿನದಿನಕ್ಕೆ ಕುಗ್ಗುತ್ತಿದೆ, ಅದೂ ಅತ್ತೆ ಕೂರುವ ಕಡೆಯೇ ತಗ್ಗು ಬೀಳುತ್ತಿದೆ ಎಂದು ಆಳುಗಳ ಮೇಸ್ತ್ರಿ ಹೇಳಿಕೊಂಡು ತಿರುಗಿದ. ನಲ್ಲಿಯ ಹತ್ತಿರ ಕೊಡ ಇಟ್ಟುಕೊಂಡ ಹೆಂಗಸರು ನಮ್ಮವ್ವನನ್ನು ಕಂಡರೆ ಮಾತು ನಿಲ್ಲಿಸುವರು. ಕೊನೆಮನೆಯ ಚೆಲುವಿ ಮಾತ್ರ ಅವ್ವನಿಗೆ ಕೇಳುವ ಹಾಗೇ ಅಂದಳು, "ಓಡೋ ಬೆಕ್ಕಿಗಿಂತ ಕುಂತಿರೋ ಬೆಕ್ಕೇ ಹಾಲು ಹೆಚ್ಚು ಕುಡಿಯೋದು." ಅವ್ವ ಮನೆಗೆ ಬಂದು ಅತ್ತೆಯ ಹಾಸಿಗೆಯ ಗೋಣಿಯನ್ನು ಮೆಲ್ಲಗೆ ಒತ್ತಿ ನೋಡಿದ್ದನ್ನು ನಾನು ಕಂಡೆ. ಅತ್ತೆಯೂ ಕಂಡಳು.

ಒಂದು ಬೆಳಿಗ್ಗೆ ನಾನು ಗಂಜಿ ಒಯ್ದಾಗ ಮೇಸ್ತ್ರಿಯ ಜೊತೆ ರೈಟರ್ ನಿಂತಿದ್ದ. ಹಾಜರಿ ಹಾಕುವವನು ಅವನು. ಲೈನಿನವರ ಪಾಲಿಗೆ ದೊರೆಯೂ ಅವನೇ. ಅತ್ತೆಯ ಕಾಲು ರಾಶಿಯೊಳಗಿತ್ತು.

"ಏನು ನಿಂಗಮ್ಮ, ಬೇರು ಬಿಟ್ಟು ಕಾಫಿ ಗಿಡ ಆಗೋಕೆ ಹೊರಟಿದ್ದೀಯಾ?"

"ಚಳಿ ಸಾಮಿ."

"ಸತ್ತ ಕಾಲಿಗೆ ಎಂಥ ಚಳಿ?"

"ಕಾಲಿಗಲ್ಲ. ಕಾಲಿಂದ ಹತ್ತಿ ಹೊಟ್ಟೆಗೆ ಬರ್ತದೆ. ಕೈ ಹಾಕಿ ನೋಡಿ, ಒಳಗೆ ಬಿಸಿ ಉಂಟು."

ರೈಟರ್ ಕೋಟಿನ ಜೇಬಿನಿಂದ ಕೈ ತೆಗೆಯಲಿಲ್ಲ. ಕಾಲು ಸತ್ತದ್ದೇ ನಾಟಕವಿರಬಹುದು ಎಂದ ಮೇಸ್ತ್ರಿ. ಕಾಲನ್ನು ಹೊರಗೆಳೆದು, ಕಿತ್ತಳೆ ಗಿಡದ ಮುಳ್ಳೊಂದನ್ನು ಮುರಿದು ತಂದು ಅಂಗಾಲಿಗೆ ಚುಚ್ಚಿದ. ರಕ್ತ ಬಂತು. ಅತ್ತೆ ಕಣ್ಣು ಮಿಟುಕಿಸದೆ ಅವನನ್ನೇ ನೋಡುತ್ತ, "ಇನ್ನೊಂದು ಕಾಲೂ ಉಂಟಲ್ಲ ಮೇಸ್ತ್ರಿ, ಅದಕ್ಕೆ ಬೇಜಾರಾದೀತು" ಎಂದಳು. ರೈಟರ್ ಮುಖ ತಿರುಗಿಸಿದ. ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಮೇಸ್ತ್ರಿ ಅವಳ ಕಂಕುಳಿಗೆ ಕೈ ಹಾಕಿ ಎತ್ತಿದಾಗ ಸೀರೆಯ ನೆರಿಗೆಯಿಂದ ಕಾಫಿ ಉದುರಿತು. ಒಂದು ಬೊಗಸೆ ಇದ್ದೀತು.

"ಕಾಲು ಸತ್ತಿರೋದು ದಿಟ," ಎಂದ ರೈಟರ್. "ಕೈ ಸತ್ತಿಲ್ಲವಲ್ಲ."

ಅಪ್ಪ ಕೈಮುಗಿದ, ಕಾಲು ಹಿಡಿದ. ಆಗಲಿಲ್ಲ, ಕಾವಲು ಹೋಯಿತು. ಆ ಮಧ್ಯಾಹ್ನವೇ ಅವಳನ್ನು ಬೆನ್ನ ಮೇಲೆ ಹೊತ್ತು ಸುಂಟಿಕೊಪ್ಪದ ಬಸ್ಸಿಗೆ ನಡೆದ. ಅತ್ತೆ ಅಳಲಿಲ್ಲ. ಅಪ್ಪನ ಹೆಗಲ ಮೇಲಿಂದ ತಿರುಗಿ ನನಗೆ ಹೇಳಿದ್ದು ಒಂದೇ ಮಾತು: "ನೀನಾದ್ರೂ ಒಂದ್ಸಲ ಕಾಲಿಟ್ಟು ನೋಡು."

ತಿತಿಮತಿಯಲ್ಲಿ ಅವಳನ್ನು ಕೂರಿಸಿದ್ದು ಹೊರಗಿನ ಜಗಲಿಯಲ್ಲಿ ಎಂದು ಆಮೇಲೆ ಕೇಳಿದೆವು. ಕಾಡಿನ ಗಾಳಿ ನೇರ ಬಡಿಯುವ ಜಗಲಿ. ಕಫ ಕಟ್ಟಿತು. ಅವಳು ಯುಗಾದಿ ಕಾಣಲಿಲ್ಲ. ಕಾಫಿ ಕದ್ದವರು ಯಾರೋ, ನನಗೆ ಇಂದಿಗೂ ಮೇಸ್ತ್ರಿಯ ಮೇಲೆಯೇ ಅನುಮಾನ. ಅವನು ಸತ್ತು ಮಣ್ಣಾದ, ಅನುಮಾನ ಮಣ್ಣಾಗಿಲ್ಲ. ಅಪ್ಪ ಹೋದ, ಅವ್ವ ಹೋದಳು. ಲೈನು ಕೆಡವಿದಲ್ಲಿ ಈಗ ಪ್ರವಾಸಿಗಳ ಕೋಣೆಗಳಿವೆ. ಕಣದ ಮೇಲೆ ಕಾರು ನಿಲ್ಲಿಸುತ್ತಾರೆ. ಚಳಿಗೆಂದು ಸಂಜೆ ಅಲ್ಲೇ ಬೆಂಕಿ ಹಾಕಿ ಸುತ್ತ ಕೂರುತ್ತಾರಂತೆ. ಕೂರಲಿ.

ಅತ್ತೆ ತಿತಿಮತಿಗೆ ಹೋದ ಮಾರನೆಯ ಬೆಳಿಗ್ಗೆ ಯಾರೂ ಏಳುವ ಮೊದಲು ನಾನು ಕಣಕ್ಕೆ ಹೋದೆ. ಅವಳ ಹುಲ್ಲುಗೋಣಿ ಇಬ್ಬನಿಗೆ ನೆನೆದು ಅಲ್ಲೇ ಬಿದ್ದಿತ್ತು. ಅದರ ಮೇಲೆ ಕೂತು, ಟಾರ್ಪಾಲಿನ ಅಂಚೆತ್ತಿ, ಬಗೆದು, ಎರಡೂ ಕಾಲನ್ನು ಒಳಗಿಟ್ಟೆ. ಬಿಸಿಯಿತ್ತು. ಕಾಲಿನಿಂದ ಮೆಲ್ಲಗೆ ಹತ್ತಿ ಹೊಟ್ಟೆಗೆ ಬಂತು. ಹಾಜರಿಯ ಗಂಟೆ ಬಾರಿಸುವವರೆಗೆ ಹಾಗೇ ಕೂತಿದ್ದೆ. ಕಾಲು ಹೊರಗೆಳೆದು ಎದ್ದಾಗ ಲಂಗದ ನೆರಿಗೆಯಿಂದ ಕಾಫಿ ಉದುರತೊಡಗಿತು. ಕೈಯಿಂದ ಒಂದು ಕಾಳನ್ನೂ ಎತ್ತಿ ನೆರಿಗೆಗೆ ತುಂಬಿಕೊಂಡವಳಲ್ಲ ನಾನು. ಉಳಿದದ್ದು ಬೀಳದಂತೆ ಲಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಇಳಿದು ಹೋದೆ. ಹಾಜರಿಗೆ ನಿಂತ ಜನರನ್ನೆಲ್ಲ ದಾಟಿ, ರೈಟರನ ಬೂಟಿನ ಮುಂದೆ ನಿಂತು, ಕೊಡವಿದೆ.