ಪಂಚಮಿಗೊಮ್ಮೆ ಬಿಸಿಲು ಕಾಣುವ ಸೀರೆ

ರಬಕವಿಯಲ್ಲಿ ನಮ್ಮ ಮನೆಗೆ ಗೋಡೆ ಹಂಚಿಕೊಂಡಿರುವವರು ಮಾಯವ್ವಾಯಿ. ವಯಸ್ಸು ಎಪ್ಪತ್ತು ದಾಟಿದೆ. ಹದಿನಾರಕ್ಕೆ ಮದುವೆಯಾಗಿ ಗಲಗಲಿಯಿಂದ ಬಂದವರು ಅಂದಿನಿಂದಲೂ ಕಂಡಿಕೆ ಸುತ್ತುತ್ತಿದ್ದಾರೆ. ಮಗ್ಗದ ಲಾಳಿಯಲ್ಲಿ ಕೂರಿಸುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ ಅದು. ಗಂಡ ತೀರಿಹೋಗಿದ್ದಾರೆ, ಮಕ್ಕಳಿಲ್ಲ. ಮಗ್ಗದ ಸದ್ದಿನ ನಡುವೆಯೇ ಬಾಳಿದ್ದರಿಂದ ದನಿ ಜೋರು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದ ನನಗೆ ಮೊದಲ ವರ್ಷವೆಲ್ಲ ಅವರು ಬೈಯುತ್ತಿದ್ದಾರೆಂದೇ ಅನಿಸುತ್ತಿತ್ತು.

ಅವರ ಟ್ರಂಕಿನಲ್ಲಿ ಕೆಂಪು ಅಂಚಿನ ನೀಲಿ ಸೀರೆಯೊಂದಿತ್ತು. ನಾಗರಪಂಚಮಿಯ ದಿನ ಮಾತ್ರ ಅದನ್ನು ಹೊರಗೆ ತೆಗೆದು, ಕಟ್ಟೆಯ ಮೇಲೆ ಬಿಸಿಲಿಗೆ ಹರವಿ, ಬೇವಿನೆಲೆ ಇಟ್ಟು ಮತ್ತೆ ಮಡಚುತ್ತಿದ್ದರು.

"ಇಷ್ಟ ಛಲೋ ಸೀರಿ, ಯಾಕ ಉಡೂದಿಲ್ರಿ ಆಯಿ?" ಎಂದು ಕೇಳಿದ್ದೆ.

"ಉಡ್ತೇನಿ. ಒಮ್ಮೆ ಉಡೂದೈತಿ," ಎಂದಿದ್ದರು. ಯಾರದೋ ಮದುವೆಗೆ ಇಟ್ಟಿರಬೇಕು ಅಂದುಕೊಂಡೆ.

ಕಳೆದ ನವೆಂಬರಿನಲ್ಲಿ ಮಗಳು ಗಂಗಾಂಬಿಕಾಳ ಶಾಲೆಯಿಂದ ಚೀಟಿ ಬಂತು. ಮಕ್ಕಳು ಗ್ರಂಥಾಲಯದ ಒಂದು ಪುಸ್ತಕ ಆರಿಸಿ, ಅದರೊಳಗಿನ ಪಾತ್ರದ ವೇಷದಲ್ಲಿ ಬರಬೇಕಂತೆ. ಎರಡನೇ ತರಗತಿಯ ನನ್ನ ಮಗಳು ಆರಿಸಿದ್ದು, ಕಚ್ಚೆ ಹಾಕಿ ಕುದುರೆ ಏರಿದ ಒಬ್ಬ ರಾಣಿಯನ್ನು. ನನಗೆ ದಿಗಿಲು. ಎಲ್ಲ ಮಕ್ಕಳು ಮಿರುಗುವ ಫ್ರಾಕಿನಲ್ಲಿ ಬಂದಾಗ ಇವಳೊಬ್ಬಳೇ ಸೀರೆಯಲ್ಲಿ ನಿಂತರೆ ನಗುವುದಿಲ್ಲವೇ? ಪರಿ ಆಗು, ರೆಕ್ಕೆಯ ಕಿನ್ನರಿ ಆಗು ಎಂದು ಮೂರು ದಿನ ಪುಸಲಾಯಿಸಿದೆ. ಕೊನೆಗೆ ಅವಳಿಗೆ ಹೇಳದೆಯೇ ರೆಕ್ಕೆ ಇರುವ ಗುಲಾಬಿ ಫ್ರಾಕನ್ನು ಆನ್‌ಲೈನಿನಲ್ಲಿ ತರಿಸಿದೆ. ಅದು ಬಂದದ್ದು ಹಿಂದಿನ ಸಂಜೆ. ಅವಳು ಪುಸ್ತಕ ತೆರೆದು ಫ್ರಾಕಿನ ಪಕ್ಕಕ್ಕಿಟ್ಟು ನೋಡಿದಳು.

"ಮಮ್ಮಿ, ರಾಣಿಗೆ ರೆಕ್ಕಿ ಎಲ್ಲಿ ಅದಾವ? ನಾ ಸಾಲಿಗಿ ಹೋಗೂದಿಲ್ಲ."

ಅಳು ಕೇಳಿ ಮಾಯವ್ವಾಯಿ ಬಂದರು. ಚಿತ್ರವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಇಷ್ಟಕ್ಕ ಯಾಕ ಅಳ್ತಿ ಬೇ? ಮುಂಜಾನೆ ನಾ ರಾಣಿ ಮಾಡಿ ಕಳಸ್ತೇನಿ. ಪರಿ ಆಗಾಕ ನಿಮ್ಮವ್ವಗ ಹೇಳು."

ಬೆಳಿಗ್ಗೆ ಅವರು ಮಗಳಿಗೆ ಕಚ್ಚೆ ಹಾಕುತ್ತಿದ್ದಾಗ ನನಗೆ ಆ ಕೆಂಪು ಅಂಚಿನ ಗುರುತು ಸಿಕ್ಕಿತು.

"ಆಯಿ, ಇದು ಪಂಚಮಿ ಸೀರಿ ಅಲ್ರಿ? ಕತ್ತರಿಸಿದ್ರ್ಯಾ?"

"ಮತ್ತ? ಹದಿನೆಂಟು ಮೊಳಾನೂ ಸುತ್ತಿದ್ರ ಈ ಹುಡಿಗಿ ಕಂಡಿಕಿ ಆಗತಿದ್ಲು."

"ಒಮ್ಮೆ ಉಡೂದೈತಿ ಅಂದಿದ್ರಿ..."

"ಸತ್ತಾಗ," ಎಂದರು, ನಿರಿಗೆ ಎಣಿಸುತ್ತಲೇ. "ಕಡೀ ಸೀರಿ ತವರ ಮನಿಯಿಂದ ಬರಬೇಕಲ್ಲ. ನಮ್ಮಣ್ಣ ಭೀಮಪ್ಪಗ ಮಕ್ಕಳಿರಲಿಲ್ಲ. ನಾ ಮೊದಲ ಹೋದ್ರ ನಿನಗ ಯಾರ ತರಬೇಕು ಅಂತ ಮುಂಚೇನ ತಂದ ಕೊಟ್ಟ. ಅದ ವರ್ಷ ಹೋದ."

ಹೆಣಕ್ಕೆ ಹೊದಿಸಲು ಇಟ್ಟ ಸೀರೆ ನನ್ನ ಏಳು ವರ್ಷದ ಮಗುವಿನ ಮೈಮೇಲಿದೆ. ಮುಂದೆ ಹೋಗಿ ಅವಳ ಸೊಂಟದ ಗಂಟಿಗೆ ಕೈ ಹಾಕಿದೆ.

ಮಾಯವ್ವಾಯಿ ನೋಡಿದರು. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇನ್ನೂ ಯಾರ ಮೈಗೂ ಹತ್ತಿಲ್ಲವ್ವಾ, ಹೊಸಾದು. ಬ್ಯಾಡಂದ್ರ ಬಿಚ್ಚು."

ಹೊರಗೆ ಶಾಲೆಯ ಆಟೋ ಹಾರ್ನ್ ಹೊಡೆಯಿತು. ಗಂಗಾಂಬಿಕಾ ಕನ್ನಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದ್ದಳು. ಸಭೆಯೆಂದರೆ ನನ್ನ ಬೆನ್ನ ಹಿಂದೆ ಅಡಗುವ ಹುಡುಗಿ. "ಮಮ್ಮಿ, ನನ್ನ ಕತ್ತಿ ಎಲ್ಲೈತಿ?" ಎಂದಳು.

ಗಂಟು ಬಿಚ್ಚಲಾಗಲಿಲ್ಲ. ಇನ್ನೊಂದು ಸಲ ಎಳೆದು ಬಿಗಿದೆ, ರಟ್ಟಿನ ಕತ್ತಿ ಕೊಟ್ಟೆ.

ಆಟೋ ಹೋದ ಮೇಲೆ, "ಆಯಿ, ಇನ್ನ ನಿಮಗ..." ಎಂದೆ.

"ಗಲಗಲಿಯಿಂದ ಬರಾವರ ಯಾರೂ ಉಳದಿಲ್ಲ. ಗ್ವಾಡಿ ಆಚಿಂದ ಬಂದ್ರೂ ನಡೀತೈತಿ," ಎಂದು ರಾಟೆಯ ಮುಂದೆ ಕುಳಿತರು. "ನೀಲೀದ ತರಬೇಕ ಮತ್ತ. ಆ ರೆಕ್ಕಿ ಅಂಗಿಯಂಗ ಗುಲಾಬಿ ತಂದಿ, ನೋಡು."

ಬದುಕಿರುವವರಿಗೆ ಅಂಥ ಸೀರೆ ಹೇಗೆ ಕೊಳ್ಳುವುದೆಂದು ಎಂಟು ತಿಂಗಳು ಅಂಗಡಿಯ ಮೆಟ್ಟಿಲು ಹತ್ತಿ ಇಳಿದೆ. ಈ ಪಂಚಮಿಗೆ ನಮ್ಮ ಕಟ್ಟೆಯ ಮೇಲೆ ನೀಲಿ ಸೀರೆಯೊಂದನ್ನು ಬಿಸಿಲಿಗೆ ಹರವಿದೆ. ಮಾಯವ್ವಾಯಿ ಬಂದು ಅಂಚು ಮುಟ್ಟಿ ನೋಡಿ, ನೇಯ್ಗೆ ಸಡಿಲಾಯಿತು ಎಂದರು. ನಾನು ಬೇವಿನೆಲೆ ಇಟ್ಟು ಮಡಚಿದೆ.